ಅವಸರ ಯಾರಿಗೆ?

ಹೋದ ವಾರ ಒಬ್ಬ ಹುಡುಗಿಯ ಕಾಲೇಜು ಸೀಟು ನನ್ನ ಬಾಯಿಂದಲೇ ಹೋಗುವುದರಲ್ಲಿತ್ತು. ನಾನು ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. ಬಹಳ ವಿನಯವಾಗಿ ಮಾತಾಡಿದೆ. ಅದೇ ತಪ್ಪಾಯಿತು.

ಹುಡುಗಿ ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಮಗಳು ರೇಣುಕಾ. ಗಡಿಯಾಚೆ ಆಂಧ್ರದ ರಾಯದುರ್ಗದಲ್ಲಿ ನಮ್ಮ ಭಾವ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ. ಮನೆ ತುಂಬ ನೀಲಿ ಬಟ್ಟೆ, ದಾರ, ಮಿಷಿನ್ ಸದ್ದು. ಅದರ ನಡುವೆಯೇ ಕೂತು ಓದಿ ಟೆಂತ್ ಪಾಸಾದಳು. ಈಗ ಇಂಟರ್. (ಕರ್ನಾಟಕದ ಓದುಗರು ಪಿಯುಸಿ ಎಂದು ಓದಿಕೊಳ್ಳಿ.) ಅವಳಿಗೆ ಬಯಾಲಜಿ ಇರುವ ಗ್ರೂಪೇ ಬೇಕು. ಅನಂತಪುರದ ಒಂದು ಕಾಲೇಜಿನಲ್ಲಿ ಹಾಸ್ಟೆಲ್ ಸಮೇತ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಮನೆಯಲ್ಲೇ ಕೂತು ಪ್ಯಾಂಟಿನ ದಾರ ಕತ್ತರಿಸುವುದು ಎಂದು ಭಾವ ಮೊದಲೇ ಹೇಳಿಬಿಟ್ಟಿದ್ದರು.

"ನೀನು ಪೇಪರ್‌ನಾಗ ಬರೆಯಾಂವ. ನಾಕು ಮಂದಿ ಮುಂದ ಮಾತಾಡ್ತಿ. ನೀನ ಕರ್ಕೊಂಡು ಹೋಗಿ ಬಾ" ಎಂದರು ಭಾವ. ಆರ್ಡರ್ ಮುಗಿಸಬೇಕಿತ್ತು, ಅವರು ಮಿಷಿನ್ ಬಿಟ್ಟು ಏಳುವ ಹಾಗಿರಲಿಲ್ಲ. ನಾನು ಇಸ್ತ್ರಿ ಶರ್ಟು ಹಾಕಿಕೊಂಡು, ಮಾತಾಡುವ ಜವಾಬ್ದಾರಿ ಹೊತ್ತು ಹೊರಟೆ.

ಆ ಕಾಲೇಜಿನ ಪ್ರಿನ್ಸಿಪಾಲರದು ಒಂದು ಪದ್ಧತಿ. ಟೆಂತ್ ಮಾರ್ಕ್ಸ್ ಒಂದನ್ನೇ ನೋಡುವುದಿಲ್ಲ. ಎಂಟು, ಒಂಬತ್ತು, ಹತ್ತು, ಎಲ್ಲದರದೂ ಬೇಕು. ಮೇಜಿನ ಮೇಲೆ ಸಾಲಾಗಿ ಹರಡಿ, ಮಾರ್ಕ್ಸು ಹತ್ತಿವೆಯೋ ಇಳಿದಿವೆಯೋ ಅಂತ ನೋಡುತ್ತಾರೆ.

ನಾವು ಬಾಗಿಲಲ್ಲಿ ನಿಂತಿದ್ದಾಗ, ನಮಗಿಂತ ಮುಂಚಿನ ಒಬ್ಬ ಹುಡುಗಿ ತಾಯಿಯ ಜೊತೆ ಅವರ ಎದುರು ಕೂತಿದ್ದಳು. ಎಂಟರಲ್ಲಿ ಕ್ಲಾಸಿಗೇ ಮೊದಲು. ಆಮೇಲೆ ವರ್ಷ ವರ್ಷವೂ ಇಳಿತ. (ಅಷ್ಟಾದರೂ ಟೆಂತ್‌ನಲ್ಲಿ ನಮ್ಮ ರೇಣುಕಾಗಿಂತ ಒಂದು ಕೈ ಮೇಲೆಯೇ.) "ಏಮೈಂದಮ್ಮಾ?" ಎಂದರು ಪ್ರಿನ್ಸಿಪಾಲರು. ಏನಾಯ್ತಮ್ಮ ಅಂತ. ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ತಾಯಿ "ಫೋನು ಸಾರ್, ಫೋನು!" ಎಂದುಬಿಟ್ಟರು. ಹುಡುಗಿ ತೆರೆದ ಬಾಯಿ ಮುಚ್ಚಿಕೊಂಡಳು. ಆಮೇಲೆ ತಿಳಿಸುತ್ತೇವೆ ಎಂದು ಅವರನ್ನು ಕಳಿಸಿದರು.

ನಮ್ಮ ಸರದಿ ಬಂತು. ಎಂಟನೇ ಕ್ಲಾಸಿನಲ್ಲಿ ರೇಣುಕಾ ಸೈನ್ಸ್ ಫೇಲು. ಪ್ರಿನ್ಸಿಪಾಲರ ಹುಬ್ಬು ಮೇಲೇರಿತು. ನನ್ನ ಕಡೆ ತಿರುಗಿ ತೆಲುಗಿನಲ್ಲಿ ಕೇಳಿದರು, "ಈ ಸೀಟು ಅವಸರಮಾ?"

ಹೊರಗೆ ಉದ್ದ ಸಾಲಿತ್ತು. ಪಾಪ, ಅಷ್ಟು ಜನರ ನಡುವೆಯೂ ನಮಗೆ ಅವಸರವೇ ಎಂದು ವಿಚಾರಿಸುತ್ತಿದ್ದಾರಲ್ಲ, ಎಂಥ ಸಜ್ಜನರು ಎಂದುಕೊಂಡೆ. ಕೈ ಮುಗಿದು ಹೇಳಿದೆ, "ಏಮೀ ಅವಸರಂ ಲೇದು ಸಾರ್."

ಅವರು ಕಾಗದಗಳನ್ನು ಒಟ್ಟು ಮಾಡಿ ನನ್ನ ಕಡೆ ತಳ್ಳಿದರು. "ಮರಿ ಎಂದುಕು ವಚ್ಚಾರು?"

ಮತ್ತೆ ಯಾಕೆ ಬಂದಿರಿ!

ಎಲ್ಲಿ ಎಡವಿದೆ ಗೊತ್ತಾಯಿತೇ? ಗಡಿಯ ಓದುಗರಿಗೆ ಆಗಲೇ ನಗು ಬಂದಿರುತ್ತದೆ. ತೆಲುಗಿನಲ್ಲಿ ಅವಸರ ಎಂದರೆ ಅಗತ್ಯ. ಈ ಸೀಟು ಬೇಕೇ ಬೇಕಾ ಎಂದು ಅವರು ಕೇಳಿದರೆ, ಏನೂ ಬೇಕಾಗಿಲ್ಲ ಎಂದು ನಾನು ಕೈ ಮುಗಿದಿದ್ದೆ. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡುವವನು ನಾನು. ಆದರೆ ನನ್ನ ತೆಲುಗು ಎಂದರೆ ಕನ್ನಡಕ್ಕೆ ತೊಡಿಸಿದ ತೆಲುಗು ಪ್ಯಾಂಟು. ನಮ್ಮೂರಲ್ಲಿ ನಡೆಯುತ್ತದೆ. ಪ್ರಿನ್ಸಿಪಾಲರು ಅಚ್ಚ ತೆಲುಗಿನ ಗುಂಟೂರು ಕಡೆಯವರು.

ಭಾವನ ಮುಖ, ದಾರದ ರಾಶಿ ಎಲ್ಲ ಕಣ್ಣ ಮುಂದೆ ಬಂದವು. ಅಷ್ಟರಲ್ಲಿ ರೇಣುಕಾ ನನ್ನ ಶರ್ಟಿನ ತೋಳು ಹಿಡಿದು ಎಳೆದಳು. "ಮಾಮ, ನೀನು ಸುಮ್ಕಿರು" ಎಂದವಳೇ ಅವರ ಕಡೆ ತಿರುಗಿದಳು.

"ಸಾರ್, ಅವಸರಂ ಮಾಮಯ್ಯಕಿ ಲೇದು. ನಾಕು ಉಂದಿ."

ಮಾಮನಿಗೆ ಬೇಕಾಗಿಲ್ಲ, ನನಗೆ ಬೇಕು. ಪ್ರಿನ್ಸಿಪಾಲರು ನಕ್ಕುಬಿಟ್ಟರು. ಎಂಟರಲ್ಲಿ ಯಾಕೆ ಹಾಗಾಯಿತು ಎಂದು ಈ ಸಲ ಅವಳನ್ನೇ ಕೇಳಿದರು. ಅವಳ ಉತ್ತರವನ್ನು ಕನ್ನಡದಲ್ಲೇ ಕೊಡುತ್ತೇನೆ. "ಏಳರ ತನಕ ಕನ್ನಡ ಮೀಡಿಯಂ ಸಾರ್. ಎಂಟರಲ್ಲಿ ಎಲ್ಲ ಇಂಗ್ಲಿಷ್ ಆಯ್ತು. ಆ ವರ್ಷ ಪ್ರಶ್ನೆಯೇ ಅರ್ಥ ಆಗಲಿಲ್ಲ. ಒಂಬತ್ತರಲ್ಲಿ ಪ್ರಶ್ನೆ ಅರ್ಥ ಆಯ್ತು. ಹತ್ತರಲ್ಲಿ ಉತ್ತರ ಬಂತು."

ತಳ್ಳಿದ ಕಾಗದಗಳನ್ನು ಅವರು ಮತ್ತೆ ಎಳೆದುಕೊಂಡರು. ಸೀಟು ಕೊಟ್ಟರು. ಹಾಸ್ಟೆಲ್ಲೂ ಸಿಕ್ಕಿತು.

ಎಲ್ಲ ಕಡೆ ಹೀಗೆ ನೋಡುತ್ತಾರೆಯೇ? ಇಲ್ಲ. ಬಹಳ ಕಡೆ ಕೊನೆಯ ನಂಬರ್ ಒಂದೇ ಸಾಕು. ಮಗು ಎಲ್ಲಿ ನಿಂತಿದೆ ಎನ್ನುವುದರ ಜೊತೆ ಎತ್ತ ಹೊರಟಿದೆ ಎಂದೂ ನೋಡುವ ಆ ಪ್ರಿನ್ಸಿಪಾಲರ ಮೇಲೆ ನನಗೆ ಗೌರವವಿದೆ. ಆದರೂ ಆ ಮೊದಲಿನ ಹುಡುಗಿ ಮನಸ್ಸಿನಿಂದ ಹೋಗುತ್ತಿಲ್ಲ. ಹತ್ತಿದ್ದಕ್ಕೆ ಕಾರಣ ಇದ್ದ ಮೇಲೆ ಇಳಿದಿದ್ದಕ್ಕೂ ಒಂದು ಇರಬೇಕಲ್ಲ? ಫೋನೇ ಇರಬಹುದು. ಮನೆಯಲ್ಲಿ ಏನೋ ಆಗಿರಲೂಬಹುದು. ಹೇಳಲು ಅವಳಿಗೆ ಬಿಟ್ಟವರು ಯಾರು? ಆ ತಾಯಿಯದೂ ನನ್ನದೂ ಒಂದೇ ಕಾಯಿಲೆ, ಮಕ್ಕಳ ಪ್ರಶ್ನೆಗೆ ನಾವು ಉತ್ತರ ಕೊಡುವುದು.

ಅಂದ ಹಾಗೆ, ನಮ್ಮ ಅವಸರಕ್ಕೆ ತೆಲುಗರು ಏನನ್ನುತ್ತಾರೆ ಗೊತ್ತೇ? 'ತೊಂದರ'. ಅವಸರವೇ ತೊಂದರೆ ಎಂದು ಅವರಿಗೆ ಮೊದಲೇ ತಿಳಿದಿತ್ತೋ ಏನೋ.

ವಾಪಸ್ ಬಸ್ಸಿನಲ್ಲಿ ಭಾವನ ಫೋನು ಬಂತು. ಸೀಟು ಸಿಕ್ಕಿತು ಎಂದೆ. "ಛಲೋ ಆತು ಬಿಡು" ಎಂದವರು ಉಸಿರು ಸಹ ತೆಗೆದುಕೊಳ್ಳಲಿಲ್ಲ. "ಫಸ್ಟ್ ಇಯರ್‌ನಾಗ ಎಷ್ಟು ತೆಗೀತಾಳಂತ? ಮೆಡಿಕಲ್ ರ‍್ಯಾಂಕ್ ಬರ್ತೈತೇನು, ಈಗ ಕೇಳು ಆಕಿನ್ನ."

ಅಪ್ಪನ ದನಿ ಫೋನಿನಾಚೆಗೂ ಕೇಳುತ್ತಿತ್ತು. ರೇಣುಕಾ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು.

"ಏನೂ ಅವಸರ ಇಲ್ಲಂತ ಹೇಳು ಮಾಮ. ಕನ್ನಡದಾಗ ಹೇಳು."