ಆಚೆಮನೆಗೆ ಕೊಟ್ಟಿದ್ದ ಲಿಂಗ

ಲಿಂಗದ ಕರಡಿಗೆಯಲ್ಲಿ ತುಳಸಿಯ ವಾಸನೆ ಇರಬಾರದು. ಶಿವನಿಗೆ ಬಿಲ್ವಪತ್ರೆ, ವಿಷ್ಣುವಿಗೆ ತುಳಸಿ, ಇದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಕಳೆದ ತಿಂಗಳು ನಾದಿನಿಯ ಮಗಳ ಮದುವೆಗೆಂದು ಬ್ಯಾಂಕ್ ಲಾಕರಿನಿಂದ ಒಡವೆ ತರಲು ಹೋದಾಗ, ಮೂಲೆಯಲ್ಲಿ ಕಪ್ಪಾಗಿ ಕೂತಿದ್ದ ನನ್ನ ಬೆಳ್ಳಿಯ ಕರಡಿಗೆಯನ್ನು ಸುಮ್ಮನೆ ತೆರೆದು ನೋಡಿದೆ. ಒಳಗೆ ಬಟ್ಟೆಯ ತುಂಡಿನಲ್ಲಿ ಸುತ್ತಿದ ಲಿಂಗ, ಅದಕ್ಕೆ ಅಂಟಿಕೊಂಡಂತೆ ಒಂದೆರಡು ಒಣ ತುಳಸಿ ಎಲೆ, ಮುಟ್ಟಿದರೆ ಪುಡಿಯಾಗುವ ಹಾಗೆ. ಇಷ್ಟು ವರ್ಷದ ಮೇಲೆ ಅದರಲ್ಲಿ ವಾಸನೆ ಉಳಿದಿರಲಿಕ್ಕಿಲ್ಲ. ನನಗಂತೂ ಬಂತು... ಆಚೆಮನೆ ಅಜ್ಜಿಯ ನೆನಪಿನಲ್ಲಿ ಅಲ್ಲೇ ನಿಂತುಬಿಟ್ಟಿದ್ದೆ. ಬಾಗಿಲ ಬಳಿ ಕಾಯುತ್ತಿದ್ದ ಬ್ಯಾಂಕಿನ ಹುಡುಗಿ ಕೆಮ್ಮಿದ ಮೇಲೆ ಪೆಟ್ಟಿಗೆ ಮುಚ್ಚಿ ಹೊರಗೆ ಬಂದೆ.

ನಾನು ಹುಟ್ಟಿ ಬೆಳೆದದ್ದು ಶಂಕರಪುರಂನಲ್ಲಿ. ತಾತನಿಗೆ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ನಮ್ಮದು ಲಿಂಗಾಯತರ ಮನೆ, ಕಾಂಪೌಂಡ್ ಗೋಡೆಯ ಆಚೆಗೆ ಮಾಧ್ವ ಬ್ರಾಹ್ಮಣರ ಮನೆ. ಇಡೀ ರಸ್ತೆಯೇ ಹೀಗೆ ಎರಡು ಪಾಲು. ಹಾಗಂತ ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಹತ್ತಿರಕ್ಕೆ ಯಾರೂ ಯಾರನ್ನೂ ಬಿಟ್ಟುಕೊಂಡಿರಲಿಲ್ಲ. ಅವರು ಮಡಿಯಲ್ಲಿದ್ದಾಗ ನಮ್ಮ ಸೆರಗು ತಾಕಿದರೆ ಮತ್ತೆ ಸ್ನಾನ. ನಾವೇನು ಕಮ್ಮಿ? ಕೊರಳಲ್ಲಿ ಲಿಂಗ ಇಲ್ಲದವರೆಲ್ಲ ನಮ್ಮ ತಾತನ ಪಾಲಿಗೆ ಭವಿಗಳು; ಭವಿಗಳ ಮನೆಯಲ್ಲಿ ನೀರೂ ಕುಡಿಯಬಾರದು. ಎರಡೂ ಮನೆಯಲ್ಲಿ ಅದೇ ತಿಳಿಸಾರು, ಅದೇ ಹುರುಳಿಕಾಯಿ ಪಲ್ಯ. ಒಗ್ಗರಣೆಯ ಘಮ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಗೋಡೆ ದಾಟುತ್ತಿತ್ತು. “ಒಳ್ಳೆ ಜನ ಪಾಪ, ಆದ್ರೆ ಭವಿಗಳು” ಎಂದು ತಾತ ಹೇಳುತ್ತಿದ್ದರು. ನಮ್ಮ ಬಗ್ಗೆ ಅವರ ಮನೆಯಲ್ಲೂ ಇಂಥದ್ದೇ ಒಂದು ಮಾತು ಇದ್ದಿರಲೇಬೇಕು.

ನಮ್ಮಲ್ಲಿ ಮಗು ಚಿಕ್ಕದಿರುವಾಗಲೇ ಗುರುಗಳನ್ನು ಕರೆಸಿ ಲಿಂಗ ಕಟ್ಟಿಸುತ್ತಾರೆ. ಅದು ಅವರವರ ಸ್ವಂತ ದೇವರು. ಕರಡಿಗೆಯೊಳಗಿಟ್ಟು ಸಾಯುವ ತನಕ ಕೊರಳಲ್ಲೇ ಹಾಕಿಕೊಂಡಿರಬೇಕು, ದಿನಾ ಎಡ ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡಬೇಕು, ಇನ್ನೊಬ್ಬರ ಕೈಗೆ ಕೊಡಬಾರದು. ತಾತ ಇದರಲ್ಲಿ ಬಹಳ ಕಟ್ಟುನಿಟ್ಟು. ಬೆಳಿಗ್ಗೆ ಪೂಜೆಯಾಗದೆ ನನಗೆ ತಿಂಡಿ ಇಲ್ಲ. ಹಿತ್ತಲ ಜಗಲಿಯ ಮೇಲೆ ಕೂತು, ಒಂದು ಉದ್ಧರಣೆ ನೀರು, ಒಂದು ಚಿಟಿಕೆ ವಿಭೂತಿ, ಒಂದು ಹೂವು, ಮುಗೀತು. ಅಡುಗೆಮನೆಯಲ್ಲಿ ದೋಸೆ ಹುಯ್ಯುವ ಸದ್ದು ಕೇಳಿದರೆ ಹೂವೂ ಇಲ್ಲ.

ಆ ಹೊತ್ತಿಗೆ ಗೋಡೆಯಾಚೆ ಅಜ್ಜಿ ಒದ್ದೆ ಸೀರೆಯಲ್ಲಿ ನಿಂತಿರುತ್ತಿದ್ದರು. ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋಗುವವರು. ಅಜ್ಜಿ ಎಲ್ಲರಿಗಿಂತ ಮೊದಲೆದ್ದು, ತಣ್ಣೀರು ಸುರಿದುಕೊಂಡು, ಮಡಿಯಲ್ಲಿ ನೀರು ತುಂಬಿ, ಗಂಧ ತೇಯ್ದು, ತುಳಸಿ ಬಿಡಿಸಿ, ಅಡುಗೆ ಮಾಡಿ ಎಲ್ಲ ಅಣಿ ಮಾಡಿಡುತ್ತಿದ್ದರು. ಆಮೇಲೆ ಮಗ ಬಂದು ಸಾಲಿಗ್ರಾಮ ಪೂಜೆಗೆ ಕೂರುತ್ತಿದ್ದರು. ಅಜ್ಜಿ ದೇವರಮನೆಯ ಹೊಸಿಲ ಹೊರಗೆ ನಿಲ್ಲಬೇಕು. ಸಾಲಿಗ್ರಾಮವನ್ನು ಹೆಂಗಸರು ಮುಟ್ಟುವಂತಿಲ್ಲ. ಹುಟ್ಟಿದಾಗಿನಿಂದ ಅಪ್ಪನ ದೇವರಿಗೆ, ಗಂಡನ ದೇವರಿಗೆ, ಮಗನ ದೇವರಿಗೆ ಗಂಧ ತೇಯ್ದವರು ಅವರು. ಇದನ್ನು ಅವರು ದೂರಿನಂತೆ ಹೇಳಿದ್ದೇ ಇಲ್ಲ. ಹೀಗೆ ಕೂಡಿಸಿ ಹೇಳುತ್ತಿರುವವಳು ನಾನು, ಅದೂ ಈಗ.

ನಾನು ದೊಡ್ಡವಳಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅವರು ಗೋಡೆಯ ಹತ್ತಿರ ಬಂದರು.

“ಏನೇ ಪುಟ್ಟಿ, ಅದನ್ನ ನೀನೇ ಮುಟ್ತೀಯಾ?”

“ನಂದೇ ಅಲ್ವಾ ಅಜ್ಜಿ, ಇನ್ಯಾರು ಮುಟ್ತಾರೆ?”

“ಹೊರಗೆ ಕೂತಾಗ?”

“ಆಗ್ಲೂ ಮಾಡ್ತೀನಿ. ಲಿಂಗಕ್ಕೆ ಮೈಲಿಗೆ ಇಲ್ವಂತೆ, ತಾತ ಹೇಳಿದಾರೆ.”

“ಗಂಡ ಹೋದ್ರೆ?” ಎಂದರು ಅಜ್ಜಿ.

“ನಮ್ಮ ಸೋದರತ್ತೆಗೆ ಗಂಡ ಇಲ್ಲ. ಅವರೂ ಮಾಡ್ತಾರೆ,” ಎಂದು ಹೇಳಿ ನಾನು ದೋಸೆಗೆ ಓಡಿದೆ. ಅವರ ಮುಖ ಹೇಗಿತ್ತೋ ನೋಡಲಿಲ್ಲ.

ಕಾಲೇಜು ಸೇರಿದ ಮೇಲೆ ನನಗೆ ಬುದ್ಧಿ ಬಂತು ಎಂದುಕೊಂಡೆ. ದೇವರು, ಮಠ, ಮಡಿ, ಭವಿ ಎಲ್ಲವೂ ನಗೆಪಾಟಲಾಗಿ ಕಾಣತೊಡಗಿತು. ಅಷ್ಟರಲ್ಲಿ ತಾತನೂ ತೀರಿಕೊಂಡಿದ್ದರು, ಹಿತ್ತಲಲ್ಲಿ ಕಾವಲು ಕೂರುವವರು ಇರಲಿಲ್ಲ. ಒಂದು ದಿನ ಬಟ್ಟೆ ಒಣಹಾಕುವಾಗ ಅಜ್ಜಿ, “ಯಾಕೆ ಈಚೆಗೆ ಪೂಜೆ ಕಾಣ್ತಿಲ್ಲ?” ಎಂದು ಕೇಳಿದರು. ನಾನು ಹುಡುಗಾಟಕ್ಕೆ ಕರಡಿಗೆಯನ್ನು ಅವರ ಮುಂದೆ ಆಡಿಸುತ್ತಾ, “ನಿಮಗೆ ಬೇಕಾ ಅಜ್ಜಿ? ತಗೊಳ್ಳಿ,” ಎಂದೆ. ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. “ನಾಲಿಗೆ ಬಿಗಿ ಹಿಡಿದು ಮಾತಾಡು” ಎಂದು ಒಳಗೆ ಹೋದವರು ವಾರವಿಡೀ ಹಿತ್ತಲ ಕಡೆ ತಲೆ ಹಾಕಲಿಲ್ಲ. ನನಗೂ ಕೆಡುಕೆನಿಸಿತು. ಕ್ಷಮೆ ಕೇಳಬೇಕು ಎಂದುಕೊಂಡಿರುವಾಗಲೇ ಒಂದು ಬೆಳಿಗ್ಗೆ, ಅವರ ಮಗ ಸೊಸೆ ಹೊರಟ ಮೇಲೆ, ಗೋಡೆಯಾಚೆಯಿಂದ ಮೆಲ್ಲಗೆ ಕರೆದರು.

“ಒಂದೇ ಒಂದು ದಿನ ಕೊಡ್ತೀಯಾ?”

ಕೊಟ್ಟೆ. ಲಿಂಗವನ್ನು ಯಾವ ಕೈಲಿ ಹಿಡಿಯಬೇಕು ಎಂದು ಕೇಳಿದರು. ಎಡಗೈ ಎಂದೆ. ಎಡಗೈಯಲ್ಲಿ ದೇವರನ್ನು ಹಿಡಿಯುವುದೇ ಎಂದು ಒಂದು ಕ್ಷಣ ಅಳುಕಿದರು. ಅವರಲ್ಲಿ ಎಡಗೈಯಿಂದ ಹೂವನ್ನೂ ಮುಟ್ಟುತ್ತಿರಲಿಲ್ಲ. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ನೀರು ಹಾಕಿದರು, ಗಂಧ ಹಚ್ಚಿದರು. ಅವರಿಗೆ ಬಾಯಿಗೆ ಬರುತ್ತಿದ್ದ ಸ್ತೋತ್ರವೆಲ್ಲ ವಿಷ್ಣುವಿನದೇ, ಅದನ್ನೇ ಹೇಳಿದರು. ಅಭ್ಯಾಸಬಲದಿಂದ ತುಳಸಿಯನ್ನೇ ಏರಿಸಿದರು. ನನಗೆ ನಗು ತಡೆಯಲಾಗಲಿಲ್ಲ.

“ಅಜ್ಜಿ, ಇದಕ್ಕೆ ತುಳಸಿ ಹಾಕಲ್ಲ.”

“ನಮ್ಮ ಹಿತ್ತಲಲ್ಲಿ ಇರೋದೇ ಅದು ಕಣೆ. ಅವನು ಇಷ್ಟು ದೂರ ಬಂದಿದಾನೆ, ಅಡ್ಜಸ್ಟ್ ಮಾಡ್ಕೋತಾನೆ.”

ಹೇಳುತ್ತಲೇ ಅವರ ಕಣ್ಣಿಂದ ನೀರು ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಸಂಜೆ ಲಿಂಗವನ್ನು ಹಿಂದಕ್ಕೆ ಕೊಡಲು ಬಂದರು. ಇಟ್ಟುಕೊಳ್ಳಿ ಎಂದೆ. ನನ್ನದು ದೊಡ್ಡ ಮನಸ್ಸೇನಲ್ಲ. ನನಗೆ ಬೇಡದ ವಸ್ತು, ಅಷ್ಟೇ. ಮನೆಯಲ್ಲಿ ಗೊತ್ತಾಗದಿರಲೆಂದು ಕರಡಿಗೆಯೊಳಗೆ ತೂಕಕ್ಕೆ ಒಂದು ಗೋಟಡಿಕೆ ಹಾಕಿ ಕೊರಳಿಗೆ ನೇತುಹಾಕಿಕೊಂಡೆ. ಹಬ್ಬದ ದಿನ ನಮ್ಮಮ್ಮ ಆ ಕರಡಿಗೆಗೆ ಭಕ್ತಿಯಿಂದ ಕುಂಕುಮ ಇಟ್ಟದ್ದೂ ಉಂಟು.

ಹೀಗೆ ಒಂದು ದಿನಕ್ಕೆ ಹೋದದ್ದು ವರ್ಷಗಟ್ಟಲೆ ಆಚೆಮನೆಯಲ್ಲೇ ಉಳಿಯಿತು. ಅಜ್ಜಿ ಅದನ್ನು ತಮ್ಮ ಮಡಿಬಟ್ಟೆಯ ಗಂಟಿನೊಳಗೆ ಇಟ್ಟಿದ್ದರು. ಅದನ್ನು ಆ ಮನೆಯಲ್ಲಿ ಇನ್ನೊಬ್ಬರು ಮುಟ್ಟುವಂತಿರಲಿಲ್ಲವಾದ್ದರಿಂದ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ. ಹೊರಗೆ ಬಿದ್ದಿದ್ದರೆ ಎರಡೂ ಕಡೆಯವರೂ ಬಿಡುತ್ತಿರಲಿಲ್ಲ. ನಮ್ಮವರಿಗೆ ಲಿಂಗ ಭವಿಯ ಕೈಸೇರಿದ ಸಿಟ್ಟು, ಅವರ ಕಡೆಯವರಿಗೆ ನಮ್ಮ ದೇವರು ಮಡಿಯೊಳಗೆ ಹೊಕ್ಕ ಸಿಟ್ಟು. “ಗೊತ್ತಾದ್ರೆ ನನ್ನ ಕೈಯಡುಗೆ ಯಾರೂ ಊಟ ಮಾಡಲ್ಲ ಪುಟ್ಟಿ,” ಎಂದು ಒಮ್ಮೆ ಹೇಳಿದರು. ಅವರಿಗೆ ಆ ಮನೆಯಲ್ಲಿ ಇದ್ದ ಮರ್ಯಾದೆಯೆಲ್ಲ ಆ ಕೈಯಡುಗೆಯದೇ. ಹಾಗಿದ್ದೂ ಹನ್ನೊಂದು ಗಂಟೆಯ ಬಿಸಿಲಲ್ಲಿ ಅವರು ಮಣೆ ಹಾಕಿಕೊಂಡು ಕೂರುವುದು ತಪ್ಪಲಿಲ್ಲ. ಕಾಲೇಜಿಗೆ ರಜೆಯಿದ್ದಾಗ ನಾನು ಪಾಠ ಓದಿಕೊಳ್ಳುತ್ತಾ ಜಗಲಿಯಿಂದ ನೋಡುತ್ತಿದ್ದೆ. ಅವರು ಬೇಡುತ್ತಿದ್ದರೆಂದು ನನಗೆ ಅನಿಸಲಿಲ್ಲ. ಮಾತಾಡುತ್ತಿದ್ದರು. ಮೊಮ್ಮಗುವಿನ ಕೆನ್ನೆ ಒರೆಸುವ ಹಾಗೆ ಹೆಬ್ಬೆರಳಿನಿಂದ ಲಿಂಗವನ್ನು ಒರೆಸುತ್ತಿದ್ದರು.

ನನ್ನ ಮದುವೆ ಗೊತ್ತಾಯಿತು. ಮಲ್ಲೇಶ್ವರಂನ ಮನೆತನ, ಬಹಳ ಆಚಾರವಂತರು ಎಂದು ಸಂಬಂಧ ತಂದವರು ಹೇಳಿದ್ದರು. ಮದುವೆಯ ಹಿಂದಿನ ದಿನ ಗುರುಗಳ ಎದುರಿಗೆ ಗಂಡು ಹೆಣ್ಣು ಇಬ್ಬರೂ ಲಿಂಗಪೂಜೆ ಮಾಡಬೇಕು. ಗೋಟಡಿಕೆಯನ್ನು ಅಂಗೈ ಮೇಲಿಟ್ಟುಕೊಂಡು ಕೂರಲಾಗುತ್ತದೆಯೇ? ಒಂದು ಮಧ್ಯಾಹ್ನ ಗೋಡೆಯ ಹತ್ತಿರ ಹೋಗಿ ವಿಷಯ ಹೇಳಿದೆ.

“ಹೊಸದು ಸಿಗಲ್ವಾ?” ಎಂದರು ಅಜ್ಜಿ. ಅದೊಂದನ್ನೇ ಕೇಳಿದರು, ಒಂದೇ ಸಲ.

“ಸಿಗತ್ತೆ ಅಜ್ಜಿ. ಆದ್ರೆ ಹಳೇದೇನಾಯ್ತು ಅಂತ ಮನೇಲಿ ಕೇಳ್ತಾರೆ. ಏನು ಹೇಳ್ಲಿ?”

“ಬೇಡ ಬೇಡ, ನಿನಗ್ಯಾಕೆ ತೊಂದ್ರೆ,” ಎಂದು ತಕ್ಷಣ ಒಳಗೆ ಹೋದರು. ಸ್ನಾನ ಮಾಡಿ, ಪೂಜೆ ಮಾಡಿ, ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ತರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಗೋಡೆಯ ಮೇಲಿಂದ ನನ್ನ ಕೈಗೆ ಇಟ್ಟು, “ನಿಂದು ತಾನೆ. ಇಷ್ಟು ದಿನ ಇದ್ದಿದ್ದೇ ಜಾಸ್ತಿ,” ಎಂದರು. ನಗುತ್ತಿದ್ದರು. ನನಗೆ ಮೆಹಂದಿಯವಳು ಬರುವ ಹೊತ್ತಾಗಿತ್ತು.

ಯಾರೂ ನನ್ನದು ತಪ್ಪು ಎನ್ನಲಾರರು. ನನ್ನ ಲಿಂಗ, ನಾನು ತೆಗೆದುಕೊಂಡೆ. ಆದರೆ ತಾತನ ಅಂಗಡಿಯಿಂದ ನಾಲ್ಕು ಹೆಜ್ಜೆ ನಡೆದರೆ ವಿಭೂತಿ, ಶಿವದಾರ, ಲಿಂಗ ಎಲ್ಲ ಮಾರುವ ಅಂಗಡಿಗಳ ಸಾಲೇ ಇತ್ತು. ಹೊಸದೊಂದನ್ನು ತಂದು ಅಜ್ಜಿಯ ಕೈಗೆ ಇಟ್ಟಿದ್ದರೆ ಆಗುತ್ತಿತ್ತು. ಅವರಿಗೆ ಹೊಳೆಯುವುದಕ್ಕೆ ಅವರು ಆ ಬೀದಿಯನ್ನು ಕಂಡವರಲ್ಲ. ಅಲ್ಲೇ ಓಡಾಡಿ ಬೆಳೆದ ನನಗೂ ಅದು ಹೊಳೆಯಲಿಲ್ಲ, ಅವರಿಗೂ ಒಂದು ಬೇಕು ಎಂಬುದೇ ನನ್ನ ತಲೆಗೆ ಬರಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ.

ಗಂಡನ ಮನೆಯ ಆಚಾರವೆಲ್ಲ ಮದುವೆಮಂಟಪಕ್ಕೆ ಮುಗಿಯಿತು. ಆ ಮನೆಯಲ್ಲಿ ಯಾರ ಕೊರಳಲ್ಲೂ ಲಿಂಗ ಇರಲಿಲ್ಲ. ನನ್ನದು ಅಜ್ಜಿ ಸುತ್ತಿಕೊಟ್ಟ ಬಟ್ಟೆಯಲ್ಲೇ, ತುಳಸಿ ಸಮೇತ ಬೀರು ಸೇರಿತು, ಆಮೇಲೆ ಲಾಕರು. ಮೊದಲ ಗೌರಿ ಹಬ್ಬಕ್ಕೆ ತವರಿಗೆ ಬಂದಾಗ ಬೆಳಿಗ್ಗೆ ಹಿತ್ತಲಿಗೆ ಹೋದೆ. ಗೋಡೆಯಾಚೆ ಅಜ್ಜಿ ಮಣೆ ಹಾಕಿಕೊಂಡು ಕೂತಿದ್ದರು. ಎಡಗೈ ಚಾಚಿ, ಬಲಗೈಯಿಂದ ಅದರ ಮೇಲೆ ಒಂದೊಂದೇ ಉದ್ಧರಣೆ ನೀರು ಬಿಡುತ್ತಿದ್ದರು. ಗಂಧ ಹಚ್ಚಿದರು. ತುಳಸಿ ಇಟ್ಟರು. ಅಂಗೈ ಮೇಲೆ ಏನೂ ಇರಲಿಲ್ಲ. ಹೆಬ್ಬೆರಳಿನಿಂದ ಖಾಲಿ ಅಂಗೈಯನ್ನು ಮೆಲ್ಲಗೆ ಒರೆಸುತ್ತಾ ತುಟಿ ಅಲ್ಲಾಡಿಸುತ್ತಿದ್ದರು... ನನ್ನನ್ನು ಕಂಡವರೇ ಸೆರಗನ್ನು ಎಳೆದು ಅಂಗೈ ಮುಚ್ಚಿಕೊಂಡರು. “ಯಾವಾಗ ಬಂದೆ ಪುಟ್ಟಿ? ಯಜಮಾನ್ರು ಬಂದಿದಾರಾ?” ಎಂದು ವಿಚಾರಿಸಿದರು. ನಾನೂ ಏನೂ ಕಾಣದವಳಂತೆ ಉತ್ತರ ಕೊಟ್ಟೆ.

ಅದೇ ಸಂಜೆ ಅವರ ಮಗ ಗೇಟಿನ ಹತ್ತಿರ ನಮ್ಮಮ್ಮನಿಗೆ ಹೇಳುತ್ತಿದ್ದರು. “ಅಮ್ಮಂಗೆ ಅರಳುಮರಳು ಶುರುವಾಗಿದೆ ಕಣ್ರೀ. ಬರೀ ಕೈಗೆ ನೀರು ಹಾಕ್ಕೊಂಡು ಕೂತಿರ್ತಾರೆ. ಡಾಕ್ಟ್ರಿಗೆ ತೋರಿಸ್ಬೇಕು.” ಅಜ್ಜಿಯ ಬುದ್ಧಿ ನೆಟ್ಟಗಿತ್ತು. ಅದನ್ನು ಹೇಳಬಲ್ಲವಳು ನಾನೊಬ್ಬಳೇ. ಹೇಳಿದ್ದರೆ ಅವರ ಗುಟ್ಟು ಬಯಲಾಗುತ್ತಿತ್ತು ಎಂದು ಈಗ ಸಮಾಧಾನ ಹೇಳಿಕೊಳ್ಳುತ್ತೇನೆ. ಆವತ್ತು ಹೆದರಿದ್ದು ನನ್ನ ಗುಟ್ಟಿಗೆ. ಮರುದಿನ ಮಲ್ಲೇಶ್ವರಂಗೆ ಹೋದೆ, ಮುಂದಿನ ಸಲ ಲಿಂಗವನ್ನು ತಂದುಕೊಡಬೇಕು ಎಂದುಕೊಂಡೆ. ಬಸುರಿಯಾದೆ, ವಾಂತಿ, ಬೆಡ್ ರೆಸ್ಟು... ಮುಂದಿನ ಸಲ ಬರುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಅವರ ಕೈಯಡುಗೆಯನ್ನು ಕೊನೆಯ ತನಕ ಎಲ್ಲರೂ ಊಟ ಮಾಡಿದರಂತೆ.

ದೇವರಲ್ಲಿ ನಿನಗೆ ನಂಬಿಕೆ ಇದೆಯೇ ಎಂದು ನನ್ನ ಮಗಳು ಒಮ್ಮೊಮ್ಮೆ ಕೇಳುತ್ತಾಳೆ. ನಮ್ಮವರು, ಅವರ ಕಡೆಯವರು ಎಂಬ ಗೋಡೆಯ ಎರಡೂ ಬದಿಯನ್ನು ನೋಡಿ ಬೆಳೆದವಳು ನಾನು. ಮಠಕ್ಕೆ ಹೋಗುವುದಿಲ್ಲ, ದೇವಸ್ಥಾನಕ್ಕೂ ಹೋಗುವುದಿಲ್ಲ. ಇಲ್ಲ ಎಂದುಬಿಟ್ಟರೆ ಮುಗಿಯಿತು. ಆದರೆ ಇಲ್ಲ ಎನ್ನಲು ಬಾಯಿ ತೆರೆದಾಗಲೆಲ್ಲ ನೀರು ಸುರಿಯುತ್ತಿರುವ ಆ ಬರಿಯ ಅಂಗೈ ಕಣ್ಣೆದುರು ಬರುತ್ತದೆ. ಅಲ್ಲಿ ಏನೂ ಇರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಇದ್ದದ್ದನ್ನು ಕಿತ್ತುಕೊಂಡು ಬಂದವಳು ಯಾವ ಬಾಯಲ್ಲಿ ಹೇಳಲಿ?

ಲಾಕರ್ ತೆರೆದು ಬಂದ ಮೇಲೆ ಎರಡು ವಾರ ಒದ್ದಾಡಿ, ಮೊನ್ನೆ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋದೆ. ಆ ಸಾಲಿನಲ್ಲಿ ಈಗ ಒಂದೆರಡು ಅಂಗಡಿ ಮಾತ್ರ ಉಳಿದಿವೆ. ಒಂದರಲ್ಲಿ ವಯಸ್ಸಾದ ಯಜಮಾನರೊಬ್ಬರು ಕೂತಿದ್ದರು. ಲಿಂಗ ತೋರಿಸಿ ಎಂದೆ. ಬಟ್ಟೆ ಹಾಸಿ ಅದರ ಮೇಲೆ ಒಂದೊಂದಾಗಿ ಜೋಡಿಸುತ್ತಾ ಕೇಳಿದರು.

“ಯಾರಿಗಮ್ಮಾ? ಮಗೂಗಾ?”

“ಇಲ್ಲ, ವಯಸ್ಸಾದವರಿಗೆ.”

“ವಯಸ್ಸಾದವರು ಅಂದ್ರೆ ಮೊದಲಿಂದು ಇರಬೇಕಲ್ಲಮ್ಮಾ. ಕಳೆದೋಯ್ತಾ?”

“ಕಳೀಲಿಲ್ಲ,” ಎಂದೆ. “ನಾನೇ ವಾಪಸ್ ಈಸ್ಕೊಂಡೆ.”