ಗುಳಿಗೆಯಲ್ಲೂ ಪಾಲು

ಆಳಂದದ ಬಜಾರದಲ್ಲಿ ಗಾದಿ ಹೊಲಿಯುವ ಪೀರಸಾಬ ನದಾಫ ತನ್ನ ಆಯುಷ್ಯದಲ್ಲಿ ಒಬ್ಬನೇ ಕೂತು ಉಂಡವನಲ್ಲ. ಅಪ್ಪನ ಮನೆಯಲ್ಲಿ ಊಟಕ್ಕೆ ಹಾಸುವ ದಸ್ತರಖಾನದ ನಡುವೆ ಒಂದೇ ದೊಡ್ಡ ತಾಟು, ಸುತ್ತ ಎಲ್ಲರ ಕೈ. ಅಪ್ಪ ಹೋದ, ಮಕ್ಕಳು ಮದುವೆಯಾಗಿ ಬೇರೆ ಊರು ಸೇರಿದರು, ಆ ರಿವಾಜು ಮಾತ್ರ ಉಳಿಯಿತು. ಈಗ ತಾಟಿಗೆ ಅವನ ಕೈ, ಹೆಂಡತಿ ಹುಸೇನಬೀಯ ಕೈ, ಅಷ್ಟೇ. ಅಂಗಡಿಗೆ ಮಿರ್ಚಿ ಭಜಿ ತರಿಸಿದರೆ ಗಿರಾಕಿಗೂ ಪಾಲು, ಪಕ್ಕದ ಚಪ್ಪಲಿ ಅಂಗಡಿಯ ಗುರುಲಿಂಗನಿಗೂ ಪಾಲು. ಹಂಚಿ ತಿಂದರೆ ಹಸಿವಿಲ್ಲ ಎಂದು ಊರೆಲ್ಲ ಗಾದೆ ಹೇಳುತ್ತದೆ. ಈ ಮಹಾನುಭಾವ ಅದನ್ನು ಕಾಯಿದೆ ಎಂದೇ ತಿಳಿದಿದ್ದ.

ಹೊಟ್ಟೆಯುರಿ ಅವನಿಗೆ ಹಳೆಯ ನಂಟ. ಗುರುಲಿಂಗ ಅದಕ್ಕೆ ಮೆಣಸಿನಕಾಯಿ ಕಾರಣ ಎಂದ, ಹುಸೇನಬೀ ಚಹಾ ಎಂದಳು, ಪೀರಸಾಬ ಹತ್ತಿಯ ಧೂಳು ಎಂದ. ಅಜವಾನ ಅಗಿದ, ಸೋಡಾ ಕುಡಿದ, ಹೊಸ ಗಾದಿಯ ಮೇಲೆ ಬೋರಲು ಮಲಗಿಯೂ ನೋಡಿದ. ಒಂದು ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಹತ್ತಿಯ ರಾಶಿಯಲ್ಲೇ ಕುಸಿದ ಮೇಲೆ ಗುರುಲಿಂಗ ಬೈದು ಕಲಬುರಗಿಯ ಬಸ್ಸು ಹತ್ತಿಸಿದ.

ಅಲ್ಲಿ ಡಾಕ್ಟರ್ ಶಿವಪ್ರಕಾಶ ಗಂಟಲಿನೊಳಗೆ ನಳಿಗೆ ಇಳಿಸಿ, ಜಠರದ ಒಂದು ಚೂರು ತೆಗೆದು ತಪಾಸಣೆಗೆ ಕಳಿಸಿದರು. ವರದಿ ಬಂದಾಗ ಸಾವಕಾಶವಾಗಿ ತಿಳಿಸಿ ಹೇಳಿದರು. ಒಂದು ಜಾತಿಯ ಬ್ಯಾಕ್ಟೀರಿಯಾ ಬಹುಶಃ ಸಣ್ಣಂದಿನಿಂದಲೇ ಹೊಟ್ಟೆಯಲ್ಲಿ ಮನೆ ಮಾಡಿಕೊಂಡು ಒಳಪದರವನ್ನು ಕೆಡಿಸುತ್ತ ಬಂದಿದೆ. ಪ್ರತಿ ಜೀವಕೋಶದಲ್ಲೂ ಕಾವಲುಗಾರನಂಥ ಒಂದು ಜೀನ್ ಇರುತ್ತದೆ; ಕೋಶ ಅಡ್ಡಾದಿಡ್ಡಿ ಬೆಳೆಯತೊಡಗಿದರೆ ಅದು ತಡೆಯುತ್ತದೆ. ಪೀರಸಾಬನ ಹೊಟ್ಟೆಯಲ್ಲಿ ಒಂದು ಕಡೆ ಆ ಕಾವಲು ಕೆಟ್ಟಿದೆ.

"ಇದು ಕ್ಯಾನ್ಸರ್ ಅಲ್ರಿ, ಅದರ ದಾರಿ. ಈಗ ಬ್ಯಾಕ್ಟೀರಿಯಾ ಸತ್ತರ ಅಲ್ಲೇ ನಿಂತೀತು," ಎಂದರು.

ಎರಡು ವಾರ, ಮುಂಜಾನೆ ಸಂಜೆ ಬೊಗಸೆ ಗುಳಿಗೆ, ಒಂದೂ ತಪ್ಪಬಾರದು. ಒಂದೇ ತಾಟಿನಲ್ಲಿ ಉಣ್ಣುವ ಹೆಂಡತಿಗೂ ಅದು ಇರಬಹುದು, ಕರೆದುಕೊಂಡು ಬನ್ನಿ ಎಂದೂ ಹೇಳಿದರು.

ಬಸ್ಸಿನಲ್ಲಿ ಪೀರಸಾಬ ವಿಚಾರ ಮಾಡಿದ. ಅದೇ ಬ್ಯಾಕ್ಟೀರಿಯಾ ಎಂದ ಮೇಲೆ ಅದೇ ಗುಳಿಗೆ. ಪಾಪ, ಅವಳ ಗಂಟಲಿಗೇಕೆ ನಳಿಗೆ? ಇಷ್ಟು ಸರಳ ಮಾತು ಅಷ್ಟು ಓದಿದ ಡಾಕ್ಟರಿಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಕನಿಕರವೇ ಆಯಿತು. ಮನೆಯಲ್ಲಿ ಕ್ಯಾನ್ಸರಿನ ಮಾತು ಎತ್ತಲಿಲ್ಲ. ಪಿತ್ತದ ಗುಳಿಗೆ ಎಂದ. ಮುಂಜಾನೆಯವನ್ನು ಉಂಡ ತಾಟಿನ ಮುಂದೆಯೇ ಹುಸೇನಬೀಯ ಕೈಗೆ ಹಾಕುತ್ತಿದ್ದ, ಸಂಜೆಯವನ್ನು ತಾನು ನುಂಗುತ್ತಿದ್ದ. ಉರಿ ಇಳಿಯಿತು. ಗುರುಲಿಂಗನ ಮುಂದೆ ಡಾಕ್ಟರನ್ನು ಹೊಗಳಿದ, ತನ್ನನ್ನೂ ಸ್ವಲ್ಪ ಹೊಗಳಿಕೊಂಡ.

ಮತ್ತೆ ತಪಾಸಣೆಗೆ ಹೋಗುವಾಗ ಹುಸೇನಬೀ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಳು. ಬ್ಯಾಕ್ಟೀರಿಯಾ ಸತ್ತಿರಲಿಲ್ಲ. ಗುಳಿಗೆ ಬಿಟ್ಟಿದ್ದಿರೇನು ಎಂದು ಡಾಕ್ಟರು ಕೇಳಿದರು.

"ಒಂದೂ ದಂಡ ಮಾಡಿಲ್ರಿ. ಅರ್ಧಾ ನಾ, ಅರ್ಧಾ ಈಕಿ," ಎಂದ ಪೀರಸಾಬ, ಶಹಬ್ಬಾಸ್ ಬರುವುದೆಂದು ಕಾಯುತ್ತ.

ಡಾಕ್ಟರು ಚಷ್ಮಾ ತೆಗೆದರು, ಮತ್ತೆ ಹಾಕಿಕೊಂಡರು. ಅರೆಬರೆ ಔಷಧಿಯಿಂದ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಆ ಔಷಧಿಗೇ ಬಗ್ಗದಂತಾಗುತ್ತದೆ ಎಂದು ಬೈದರು. ಆಮೇಲೆ, ನಿನಗೇನಾದರೂ ತ್ರಾಸಾಯಿತೇ ತಾಯಿ ಎಂದು ಹುಸೇನಬೀಯನ್ನು ಕೇಳಿದರು.

ಅವಳು ಸೆರಗಿನ ಗಂಟು ಬಿಚ್ಚಿದಳು. ಮೇಜಿನ ಮೇಲೆ ಗುಳಿಗೆಗಳು ಉರುಳಿದವು.

"ನಾ ನುಂಗಿಲ್ರಿ ಸಾಹೇಬ್ರ. ಮುಂದ ಮತ್ತ ಇವರಿಗೆ ಉರಿ ಎದ್ದರ ಬೇಕಾಗ್ತಾವಂತ ಇಟ್ಟೇನಿ."

ತಾಟಿನ ಮುಂದೆ ಕೊಟ್ಟದ್ದನ್ನು ತಿರುಗಿ ಕೊಡುವುದು ಆ ಮನೆಯಲ್ಲಿ ಬೇಅದಬಿ, ಮರ್ಯಾದೆಗೇಡು. ಅದಕ್ಕೇ ಅವಳು ತೆಗೆದುಕೊಂಡಿದ್ದಳು, ಅವನಿಗಾಗಿಯೇ ಎತ್ತಿಟ್ಟಿದ್ದಳು. ಕಾವಲುಗಾರನ ಕಥೆಯನ್ನು ಡಾಕ್ಟರೇ ಅವಳಿಗೆ ಹೇಳಬೇಕಾಯಿತು. ಕೇಳುತ್ತ ಕೇಳುತ್ತ ಅವಳು ಮೇಜಿನ ಮೇಲಿನ ಗುಳಿಗೆಗಳನ್ನು ಒಂದೊಂದಾಗಿ ಗಂಡನ ಕಡೆಗೆ ಸರಿಸಿದಳು. ನಳಿಗೆ ಇಳಿಸಿ ನೋಡಿದಾಗ ಅವಳ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಾ ಸಿಕ್ಕಿತು, ಒಳಪದರ ಮಾತ್ರ ಚೆನ್ನಾಗಿತ್ತು.

ಈ ಸಲ ಇಬ್ಬರಿಗೂ ಅವರವರ ಪಾಲಿನ ಗುಳಿಗೆ, ಮೊದಲಿನದಕ್ಕಿಂತ ಜಬರದಸ್ತು. ಪೀರಸಾಬನ ಬಾಯಿ ಬೇವಿನಂತಾಯಿತು, ಉಂಡದ್ದು ನಿಲ್ಲಲಿಲ್ಲ. ಅವನ ಗಂಟಲು ಅಲುಗಿದ್ದನ್ನು ನೋಡಿದ ಮೇಲೆಯೇ ಹುಸೇನಬೀ ತನ್ನದನ್ನು ನುಂಗುತ್ತಿದ್ದಳು.

ಕೆಲವು ತಿಂಗಳ ಮೇಲೆ ಕಡೆಯ ವರದಿ ಬಂತು. ಇಬ್ಬರ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಾ ಇರಲಿಲ್ಲ. ಆದರೆ ಪೀರಸಾಬನ ಕೆಟ್ಟ ಜಾಗ ಕೆಟ್ಟಂತೆಯೇ ಇತ್ತು, ತುಸು ಹಬ್ಬಿತ್ತು ಕೂಡ. ಇನ್ನು ವರ್ಷಾ ವರ್ಷಾ ನಳಿಗೆ ಹಾಕಿ ನೋಡುತ್ತಿರಬೇಕು. ಮೊದಲ ಸಲವೇ ಎಲ್ಲ ಗುಳಿಗೆ ತಾನೇ ನುಂಗಿದ್ದರೆ ಹಬ್ಬುತ್ತಿರಲಿಲ್ಲವೇ ಎಂದು ಪೀರಸಾಬ ಕೇಳಿದ.

"ಅದನ್ನ ಯಾರೂ ಹೇಳಾಕ ಬರಂಗಿಲ್ರಿ," ಎಂದರು ಡಾಕ್ಟರು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಹುಸೇನಬೀ ಖಾಲಿ ಸೆರಗಿನ ತುದಿಗೆ ಗಂಟು ಹಾಕಿದಳು, ಬಿಚ್ಚಿದಳು.

"ನೀವು ನನಗಂತ ಹಂಚಿದ್ರಿ, ನಾ ನಿಮಗಂತ ಕೂಡಿಸಿಟ್ಟೆ," ಎಂದಳು ಕಡೆಗೆ. "ಇಬ್ಬರೂ ಕೂಡಿ ಆ ಹುಳಾನ ಸಾಕಿದ್ವಿ ನೋಡ್ರಿ."

ಸಾಯುವ ಹೆದರಿಕೆ ಪೀರಸಾಬನಿಗೆ ಆಗ ಬಂತು. ಅಷ್ಟು ಮಂದಿಯ ಎದುರಿಗೇ ಅವಳ ಕೈ ಹಿಡಿದುಕೊಂಡ. ಆಳಂದದ ಬಸ್ಸು ಬಂತು, ತುಂಬಿತು, ಹೋಯಿತು. ಇಬ್ಬರೂ ಏಳಲಿಲ್ಲ.