ಖರೀದಿಗೆ ಮೊದಲೇ ಗೌಂಡಿ ಬಂದ ಮನೆ

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಸವದತ್ತಿಯಲ್ಲಿ ವಕೀಲನಾಗಿದ್ದೆ. ಹೆಚ್ಚಾಗಿ ಬರುತ್ತಿದ್ದದ್ದು ಹೊಲ, ಮನೆಗಳ ಖರೀದಿ ಕೆಲಸ. ಖರೀದಿ ಪತ್ರ ರಜಿಸ್ಟರ್ ಆಗುವವರೆಗೆ ಕೊಳ್ಳುವವರು ಮನೆಯ ಒಂದು ಕಲ್ಲನ್ನೂ ಮುಟ್ಟಬಾರದು ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಕಮಲಾಬಾಯಿ ಬಂದರು. ದವಾಖಾನೆಯಲ್ಲಿ ನರ್ಸ್, ಬೈಲಹೊಂಗಲ ಕಡೆಯ, ಬೌದ್ಧರಾದ ದಲಿತ ಕುಟುಂಬದವರು. ಬಾಡಿಗೆ ಮನೆ ಹಿಡಿದು ಸಾಕಾಗಿತ್ತು ಅವರಿಗೆ. ಜಾತಿ ತಿಳಿದ ಮೇಲೆ ಪ್ರತಿಯೊಬ್ಬ ಮಾಲೀಕರೂ ಯಾರೋ ನೆಂಟರು ಬರುತ್ತಾರೆಂದು ಹೇಳಿ ಮನೆ ಬಿಡಿಸುತ್ತಿದ್ದರು. ಕೊನೆಗೆ ಗುರುಸಿದ್ದವ್ವ ಎಂಬ ಹಿರಿಯ ವಿಧವೆ ತಮ್ಮ ಮನೆಯನ್ನೇ ಅವರಿಗೆ ಮಾರಲು ಒಪ್ಪಿದ್ದರು. ಹಳೆಯ ಒಕ್ಕಲು ಮನೆತನದವರು. ರಾಮದುರ್ಗದ ಮಗಳ ಮನೆಗೆ ಹೋಗುವವರಿದ್ದರು.

ತೊಡಕೊಂದಿತ್ತು. ಮನೆ ಇನ್ನೂ ಗುರುಸಿದ್ದವ್ವನ ತೀರಿಹೋದ ಗಂಡನ ಹೆಸರಿನಲ್ಲಿತ್ತು. ವಾರಸದಾರರ ಹೆಸರು ದಾಖಲಾಗದೆ ರಜಿಸ್ಟರ್ ಆಗುವಂತಿರಲಿಲ್ಲ, ಅದು ಮಳೆಗಾಲಕ್ಕೆ ಮೊದಲು ಮುಗಿಯುವಂತೆಯೂ ಕಾಣಲಿಲ್ಲ. ಮಾಳಿಗೆಯ, ಅಂದರೆ ಮಣ್ಣು ಹಾಸಿದ ಚಾವಣಿಯ, ತೊಲೆಗೆ ಗೆದ್ದಲು ಹಿಡಿದಿತ್ತು. ಅದನ್ನು ರಿಪೇರಿ ಮಾಡಲು ಈಗಲೇ ಗೌಂಡಿಯನ್ನು ಕರೆಸುತ್ತೇನೆ ಎಂದರು ಕಮಲಾಬಾಯಿ. ನಾನು ಬೇಡವೆಂದೆ.

"ಮಳಿ ನಿಮ್ಮ ರಜಿಸ್ಟರ್ ಸಲುವಾಗಿ ನಿಂದ್ರೂದಿಲ್ರೀ ವಕೀಲರ. ತೊಲಿ ಮುರದು ಗುರುಸಿದ್ದವ್ವನ ಮ್ಯಾಲ ಬಿದ್ರ ಏನ ಮಾಡೂದು?"

ಒಲ್ಲದ ಮನಸ್ಸಿನಿಂದಲೇ ಒಂದು ಒಪ್ಪಿಗೆ ಪತ್ರ ಬರೆದೆ. ಗೌಂಡಿ ಮಾಳಿಗೆ ಕೆಲಸಕ್ಕೆ ಮಾತ್ರ ಒಳಗೆ ಬರಬಹುದು, ಕಬ್ಜೆ, ಅಂದರೆ ಮನೆಯ ಸ್ವಾಧೀನ, ಮತ್ತು ಕೀಲಿ ಗುರುಸಿದ್ದವ್ವನ ಬಳಿಯೇ ಇರಬೇಕು ಎಂದು ಅದರಲ್ಲಿತ್ತು.

ಗೌಂಡಿ ಹುಸೇನಸಾಬ್ ಹಳೆಯ ಮಣ್ಣು ಕೆಡವಿದರು. ಹೊಸ ಮಣ್ಣಿನ ಗಾಡಿ ಬಂದ ದಿನ ಅವರು ಕೋರ್ಟಿನ ಹತ್ತಿರ ಬಂದು ನನ್ನನ್ನು ಕರೆದರು. ಆ ಮನೆಗೆ ಇದ್ದದ್ದು ಒಂದೇ ಹಾದಿ, ನೆರೆಯ ರುದ್ರಪ್ಪನ ಗೋಡೆಯ ಪಕ್ಕದ ಸಂದಿ. ಅದರ ಬಾಯಿಗೆ ರುದ್ರಪ್ಪ ತನ್ನ ಚಕ್ಕಡಿ ಅಡ್ಡ ನಿಲ್ಲಿಸಿದ್ದ.

"ಜಾಗಾ ನಮ್ದ್ರಿ," ಎಂದ ರುದ್ರಪ್ಪ. "ಗುರುಸಿದ್ದವ್ವ ಅಡ್ಡಾಡ್ಲಿ, ಬ್ಯಾಡ ಅಂದಿಲ್ಲ. ಬ್ಯಾರೇದವರಿಗೆ ಹಾದಿ ಇಲ್ಲ."

ಬಹುಕಾಲ ಬಳಸಿದ ಹಾದಿ ಮನೆಗೆ ಸೇರಿದ್ದು, ಮನುಷ್ಯರಿಗಲ್ಲ. ಕಾನೂನಿನಲ್ಲಿ ಅದನ್ನು ಈಸ್‌ಮೆಂಟ್ ಹಕ್ಕು ಎನ್ನುತ್ತಾರೆ ಎಂದು ಹೇಳಿದೆ.

"ಹಂಗಾದ್ರ ಕೋರ್ಟಿಗಿ ಹೋಗ್ರಿ," ಎಂದ, ಸಮಾಧಾನದಿಂದಲೇ. ದಾವೆಗಳು ಎಷ್ಟು ವರ್ಷ ನಡೆಯುತ್ತವೆಂಬುದು ಅವನಿಗೂ ಗೊತ್ತಿತ್ತು. ಇತ್ತ ಮಾಳಿಗೆ ತೆರೆದುಕೊಂಡಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

ಅಲ್ಲೇ ಇದ್ದ ಕಮಲಾಬಾಯಿಯನ್ನು ಬದಿಗೆ ಕರೆದು, ಬೇಕಾದರೆ ಖರೀದಿಯ ಕರಾರು ಬಿಟ್ಟುಬಿಡಬಹುದೆಂದು ಹೇಳಿದೆ. ಅವರು ಒಪ್ಪಲಿಲ್ಲ. "ಇಲ್ಲಿ ಅಂಜಿ ಹೋದ್ರ ಮುಂದಿನ ಓಣ್ಯಾಗೂ ಇದ ಆಕ್ಕೈತ್ರಿ. ಬಿಚ್ಚಿದ್ದನ್ನ ಮುಚ್ಚೂಣು."

ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದ ಗುರುಸಿದ್ದವ್ವ ಎದ್ದು ಬಂದರು.

"ರುದ್ರಪ್ಪಾ, ಇವತ್ತ ಈ ಮನಿ ಯಾರದು?"

"ನಿಂದ ಬೇ, ಚಿಗವ್ವ."

"ಮಣ್ಣ ನನ್ನ ಮನಿಗಿ ಬಂದೈತಿ. ಚಕ್ಕಡಿ ತಗಿ."

"ಇವತ್ತ ನಿಂದ ಖರೆ. ನಾಳಿ ಅವರು ಬಂದ ಮ್ಯಾಲ..."

"ಅವರು ಅಂದ್ರ ಯಾರು? ಹೆಸರ ಹಿಡದ ಹೇಳು. ಅಕಿ ಇಲ್ಲೇ ನಿಂತಾಳ."

ರುದ್ರಪ್ಪ ಕಮಲಾಬಾಯಿಯ ಕಡೆ ನೋಡಲಿಲ್ಲ. ಆಳನ್ನು ಕರೆದು ಚಕ್ಕಡಿ ಸರಿಸಿದ.

ಗುರುಸಿದ್ದವ್ವ ರಜಿಸ್ಟರ್ ಆಗುವವರೆಗೆ ರಾಮದುರ್ಗಕ್ಕೆ ಹೋಗುವುದನ್ನು ಮುಂದೂಡಿದರು. ಮಾಳಿಗೆ ಮುಗಿಯಿತು, ಮಳೆಯೂ ಬಂತು, ವಾರಸದಾರರ ಹೆಸರೂ ದಾಖಲಾಯಿತು. ಖರೀದಿ ಪತ್ರದಲ್ಲಿ ಆ ಸಂದಿಯ ಉದ್ದಗಲ ಬರೆದು, ಸೊಸೆಯಾಗಿ ಬಂದಂದಿನಿಂದ ತಾವು ಅದೇ ಹಾದಿಯಲ್ಲಿ ಓಡಾಡಿದ್ದಾಗಿ ಗುರುಸಿದ್ದವ್ವನ ಹೇಳಿಕೆಯನ್ನೂ ಸೇರಿಸಿದೆ. ರುದ್ರಪ್ಪ ಬಹಳ ವರ್ಷ ಕಮಲಾಬಾಯಿಯನ್ನು ಮಾತನಾಡಿಸಲಿಲ್ಲ. ಚಕ್ಕಡಿಯನ್ನೂ ಮತ್ತೆ ಅಡ್ಡ ನಿಲ್ಲಿಸಲಿಲ್ಲ.

ನನ್ನ ಪದ್ಧತಿಯಂತೆ ಮೊದಲು ರಜಿಸ್ಟರ್ ಮಾಡಿಸಿ ಆಮೇಲೆ ಗೌಂಡಿಯನ್ನು ಕರೆಸಿದ್ದರೆ ಗುರುಸಿದ್ದವ್ವ ಆಗಲೇ ರಾಮದುರ್ಗದಲ್ಲಿರುತ್ತಿದ್ದರು, ಕಮಲಾಬಾಯಿ ಆ ಸಂದಿಯ ಬಾಯಲ್ಲಿ ಒಬ್ಬರೇ ನಿಂತಿರುತ್ತಿದ್ದರು. ಆಮೇಲೆ ಮನೆ ಕೊಳ್ಳಲು ಬಂದವರಿಗೆಲ್ಲ ನಾನು ಬೇರೆಯೇ ಮಾತು ಹೇಳತೊಡಗಿದೆ: ಲಿಖಿತ ಒಪ್ಪಿಗೆ ಪಡೆದು, ಮಾರುವವರು ಇನ್ನೂ ಮನೆಯಲ್ಲಿರುವಾಗಲೇ, ಗೌಂಡಿಯನ್ನೊಮ್ಮೆ ಗಾಡಿಯ ಸಮೇತ ಕರೆದುಕೊಂಡು ಹೋಗಿ. ಯಾರು ತಡೆಯುತ್ತಾರೆ, ಯಾರು ನಿಮ್ಮ ಪರ ನಿಲ್ಲುತ್ತಾರೆ ಎಂಬುದು ಅಲ್ಲಿ ತಿಳಿಯುತ್ತದೆ.